ಅಂಗಾಲು ನೋಡಿದ ಮೇಡಮ್ಮೋರು

ಈ ಮೇಡಮ್ಮೋರ ಸ್ನೇಹ ನನಗೆ ಎಷ್ಟಕ್ಕೆ ಬಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ಶನಿವಾರ ಮಧ್ಯಾಹ್ನ ಅರ್ಧ ಗಂಟೆ ನನ್ನ ಯೂನಿಟ್ಟಿನ ಮಿಷಿನುಗಳೆಲ್ಲ ಬಂದ್. ಶನಿವಾರ ಎಂದರೆ ಏನೆಂದು ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವವರನ್ನು ಕೇಳಿ. ಅವತ್ತು ಸಂಜೆ ಬಳ್ಳಾರಿಯ ವ್ಯಾಪಾರಿಗೆ ಮಾಲು ಹೋಗಬೇಕು. ಹೋಗದಿದ್ದರೆ ಮುಂದಿನ ವಾರದ ಬಟ್ಟೆ ಪಕ್ಕದ ಯೂನಿಟ್ಟಿನ ಪಾಲು. ಅಂಥ ದಿನದಲ್ಲಿ ಅರ್ಧ ಗಂಟೆ. ಚೌಕಾಸಿಯಲ್ಲಿ ನಾನು ಸೋತು ಕೊಟ್ಟದ್ದರಲ್ಲಿ ಇದೇ ದೊಡ್ಡದು. ಕೊಟ್ಟೆನಲ್ಲ ಎಂದು ಇವತ್ತಿಗೂ ಹೆಮ್ಮೆಪಡುವುದೂ ಇದೊಂದಕ್ಕೇ.

ನಾನು ಬೇರೆಯವರ ಯೂನಿಟ್ಟಿನಲ್ಲಿ ದಾರ ಕತ್ತರಿಸುತ್ತ ಕೂತು ಕೆಲಸ ಕಲಿತವನು. ಒಂದು ಹಳೆ ಮಿಷಿನ್ ಕಂತಿನ ಮೇಲೆ ತಂದು ಶುರು ಮಾಡಿದವನು. ಬಟ್ಟೆ, ದಾರ, ಜಿಪ್ಪು, ಗುಂಡಿ, ಬಾಡಿಗೆ, ಕರೆಂಟು, ಯಾವುದಕ್ಕೂ ಹೇಳಿದ ರೇಟು ಕೊಟ್ಟವನಲ್ಲ. ಅಂಥ ನನ್ನನ್ನು ಮಡಕಶಿರದ ಈ ಹೆಂಗಸು ಒಂದು ಹಿಡಿ ಕಡಲೆಕಾಯಿ ಸುಲಿಯುವಷ್ಟರಲ್ಲಿ ಮಣಿಸಿದರು. ಕಳೆದ ತಿಂಗಳು ಅವರು ನಿವೃತ್ತರಾಗಿ ಊರಿಗೆ ಹೋದರು. ಹೋದ ಮೇಲೆ ಬರೆಯಬೇಕೆನ್ನಿಸಿತು. ಇದ್ದಾಗ ಬರೆದಿದ್ದರೆ ಅದರಲ್ಲೂ ತಪ್ಪು ಹುಡುಕಿ ವಾಪಸ್ ಕಳಿಸುತ್ತಿದ್ದರು.

ಅವರು ಸರ್ಕಾರಿ ಆರೋಗ್ಯ ವಿಮೆಯ ರಾಯದುರ್ಗದ ಶಾಖೆಗೆ ಮ್ಯಾನೇಜರ್ ಆಗಿ ಬಂದವರು. ಕೆಲಸಗಾರರ ಸಂಬಳದಲ್ಲಿ ಒಂದಿಷ್ಟು, ಮಾಲೀಕರಿಂದ ಒಂದಿಷ್ಟು ಹಿಡಿದುಕೊಂಡು, ಕಾಯಿಲೆ ಬಿದ್ದಾಗ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ವಿಮೆ ಅದು. ಅಲ್ಲಿಂದ ಅದುವರೆಗೆ ಬಂದವರೆಲ್ಲ ನನ್ನ ಟೇಬಲ್ಲಿನೆದುರು ಕೂತು, ಚಹಾ ಕುಡಿದು, ಕಾಗದ ನೋಡಿಕೊಂಡು ಹೋದವರು. ಇವರು ಬಾಗಿಲಲ್ಲಿ ಚಪ್ಪಲಿ ಬಿಟ್ಟವರೇ ನೆಟ್ಟಗೆ ಮಿಷಿನ್ ಸಾಲಿಗೆ ಹೋದರು. ಸೊಂಟ ಬಗ್ಗಿಸಿ ಮಿಷಿನುಗಳ ಕೆಳಗೆ ನೋಡತೊಡಗಿದರು. ಕಿವಿಯ ಓಲೆಯೋ ಏನೋ ಜಾರಿರಬೇಕು ಎಂದುಕೊಂಡೆ.

"ಏನ್ ಬಿತ್ರಿ ಮೇಡಮ್ಮೋರೆ?" ಅಂದೆ.

"ಇನ್ನೂ ಬಿದ್ದಿಲ್ಲ ಕಣಣ್ಣ. ಬೀಳೋಕೆ ಮುಂಚೆ ನೋಡಾನ ಅಂತ ಬಂದೆ."

ಅವರು ನೋಡುತ್ತಿದ್ದದ್ದು ಪೆಡಲಿನ ಮೇಲಿದ್ದ ಕಾಲುಗಳನ್ನು.

ಆಮೇಲೆ ಕೂತು ವಿವರಿಸಿದರು. ವಿಜಯವಾಡದಲ್ಲಿ ಅವರಿಗೆಲ್ಲ ತರಬೇತಿ ಕೊಟ್ಟಿದ್ದರಂತೆ. ಹೊರದೇಶಗಳಲ್ಲಿ ವಿಮೆಯವರು ಬಿಲ್ಲು ಬರಲಿ ಎಂದು ಕಾಯುತ್ತ ಕೂರುವುದಿಲ್ಲವಂತೆ. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರನ್ನು ತಾವೇ ಹುಡುಕಿಕೊಂಡು ಹೋಗುತ್ತಾರೆ, ಇಂಥವರಿಗೆ ಇಂಥ ನರ್ಸ್ ಎಂದು ಗೊತ್ತು ಮಾಡುತ್ತಾರೆ, ಅಂಗಾಲಿಗೆ ಸ್ಪರ್ಶ ಇದೆಯೋ ಇಲ್ಲವೋ ಎಂದು ಆಗಾಗ ಪರೀಕ್ಷೆ ಮಾಡುತ್ತಾರೆ. ಅದನ್ನೇ ಇಲ್ಲೂ ಮಾಡಿ ನೋಡಿ ಎಂದು ಮೇಲಿನವರು ಕೆಲವು ಶಾಖೆಗಳನ್ನು ಆರಿಸಿದ್ದರು. ಅದರಲ್ಲಿ ನಮ್ಮದೂ ಒಂದು.

"ಅದು ಡಾಕ್ಟರ ಕೆಲಸ ಅಲ್ಲೇನ್ರಿ? ನೀವು ರೊಕ್ಕ ಕೊಡೋರು" ಅಂದೆ.

"ಕಾಲು ಕತ್ತರಿಸಿದ ಮೇಲೆ ಬಂದು ಬಿಲ್ ಕಟ್ಟೋಕೆ ನಾವೇನು ತಿಥಿ ಊಟ ಹಾಕ್ಸೋರಾ?"

ವಾರಕ್ಕೆ ಅರ್ಧ ಗಂಟೆ ಬೇಕೆಂದರು. ನಾನು ಹಳೆಯ ಆಟ ಆಡಿದೆ. "ಮಂಗಳವಾರ ಕರೆಂಟ್ ತೆಗೀತಾರ. ಅವತ್ತು ಬರ್ರಿ, ಒಂದ್ ತಾಸು ಬೇಕಾದ್ರೂ ತಗೊಳ್ರಿ" ಎಂದು ದೊಡ್ಡ ಮನಸ್ಸು ತೋರಿಸಿದೆ.

"ಕರೆಂಟ್ ಇಲ್ದಾಗ ಯಾರು ಬೇಕಾದ್ರೂ ಟೈಮ್ ಕೊಡ್ತಾರೆ. ಶನಿವಾರ ಕೊಡಿ. ಸಾವ್ಕಾರ ನಷ್ಟ ಆಗೋ ಹೊತ್ನಾಗೆ ಮಿಷಿನ್ ನಿಲ್ಸವ್ನೆ ಅಂದ್ರೆ, ಇದು ಏನೋ ಮುಖ್ಯ ಐತೆ ಅಂತ ನಿಮ್ಮ ಜನಕ್ಕೆ ಗೊತ್ತಾಯ್ತದೆ."

ಅಷ್ಟು ಹೇಳಿ ಸುಮ್ಮನಾದರು. ಬ್ಯಾಗಿನಿಂದ ಊರಿನ ಹುರಿದ ಕಡಲೆಕಾಯಿ ತೆಗೆದು, ನನ್ನ ಮುಂದೂ ಒಂದಿಷ್ಟು ಹಾಕಿ, ಒಂದೊಂದೇ ಸುಲಿಯತೊಡಗಿದರು. ಚೌಕಾಸಿಯಲ್ಲಿ ಮೊದಲು ಬಾಯಿ ಬಿಟ್ಟವನು ಕೆಟ್ಟ ಎಂದು ನಾನು ಎಷ್ಟು ಹುಡುಗರಿಗೆ ಪಾಠ ಮಾಡಿದ್ದೇನೋ. ಆ ದಿನ ಬಾಯಿ ಬಿಟ್ಟವನು ನಾನೇ.

ಮೊದಲ ಶನಿವಾರ ನಗಬೇಕೋ ಅಳಬೇಕೋ ತಿಳಿಯದಂತಾಯಿತು. ಮೇಡಮ್ಮೋರು ಒಬ್ಬ ನರ್ಸನ್ನು ಕರೆದುಕೊಂಡು ಬಂದರು. ಇಬ್ಬರೂ ನೆಲದ ಮೇಲೆ ಕೂತರು. ಕಡ್ಡಿಯ ತುದಿಗೆ ಕಟ್ಟಿದ ಗಟ್ಟಿ ನೈಲಾನ್ ಎಳೆಯೊಂದು ಅವರ ಕೈಯಲ್ಲಿತ್ತು, ಮೀನಿನ ಗಾಳದ ದಾರದ ಹಾಗೆ. ಕಣ್ಣು ಮುಚ್ಚಿಕೊಂಡು ಕಾಲು ಚಾಚಬೇಕು. ಅವರು ಅಂಗಾಲಿನ ಒಂದೊಂದು ಕಡೆ ಆ ಎಳೆಯಿಂದ ಒತ್ತುತ್ತಾರೆ. ತಿಳಿದರೆ "ಹೂಂ" ಅನ್ನಬೇಕು. ಹೊರದೇಶದ ಪುಸ್ತಕದಲ್ಲಿ ಇಷ್ಟೇ ಇದ್ದದ್ದು.

ಆದರೆ ನಮ್ಮ ಜನ ಕಾಲು ಚಾಚಲು ಒಪ್ಪಬೇಕಲ್ಲ. ಆಫೀಸರಮ್ಮ ನೆಲದ ಮೇಲೆ ಕೂತು ತಮ್ಮ ಕಾಲು ಹಿಡಿಯುವುದೆಂದರೆ ಅವರಿಗೆ ಮೈಯೆಲ್ಲ ಮುದುಡಿತು. "ಬ್ಯಾಡ್ರಿ ಅಮ್ಮಾರ, ಪಾಪ ಬರ್ತದ" ಎಂದು ಒಬ್ಬೊಬ್ಬರೂ ಸೀರೆ, ಲುಂಗಿಯೊಳಗೆ ಕಾಲು ಎಳೆದುಕೊಂಡರು.

"ನಿಮ್ಮವ್ವ ನಿನ್ನ ಕಾಲು ತೊಳ್ದಿಲ್ವೇನಪ್ಪ? ಅವಳಿಗೆ ಬಂದಷ್ಟೇ ಪಾಪ ನಂಗೂ ಬರ್ಲಿ, ಚಾಚು" ಎಂದರು.

ಮೊದಲು ಕಾಲು ಚಾಚಿದವನು ವನ್ನೂರಪ್ಪ. ಬೊಮ್ಮನಹಾಳ್ ಕಡೆಯವನು. ಮನೆಯಲ್ಲಿ ಕುರಿ, ಒಣ ಹೊಲ ಎರಡೂ ಇದ್ದರೂ ಅವನ ಕೈ ಮಾತ್ರ ಹೊಲಿಗೆಗೇ ಹುಟ್ಟಿದ್ದು. ಜೀನ್ಸಿಗೆ ಜಿಪ್ ಕೂಡಿಸುವುದರಲ್ಲಿ ಅವನ ಸಮ ನಮ್ಮೂರಲ್ಲಿ ಇಲ್ಲ. ಸಕ್ಕರೆ ಕಾಯಿಲೆ ಇದೆ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಅದನ್ನು ದೂರದ ನೆಂಟನ ಹಾಗೆ ಇಟ್ಟುಕೊಂಡಿದ್ದೆವು.

ಕಣ್ಣು ಮುಚ್ಚಿದ. "ಹೂಂ" ಅಂದ. ಮತ್ತೆ "ಹೂಂ". ಮತ್ತೊಂದು "ಹೂಂ".

ಮೇಡಮ್ಮೋರು ಎಳೆಯನ್ನು ಕೆಳಗಿಟ್ಟರು. "ವನ್ನೂರಪ್ಪ, ನಾನಿನ್ನೂ ಮುಟ್ಟೇ ಇಲ್ವಲ್ಲಪ್ಪ."

ಯೂನಿಟ್ಟೆಲ್ಲ ಗೊಳ್ಳೆಂದಿತು. ವನ್ನೂರಪ್ಪ ಕಣ್ಣು ಬಿಟ್ಟು ನಾಚಿಕೊಂಡ. "ನೀವು ದೊಡ್ಡೋರು ಅಷ್ಟ್ ದೂರದಿಂದ ಬಂದೀರಿ. ತಿಳಿವಲ್ದು ಅಂದ್ರ ನಿಮಗ ಬ್ಯಾಸರ ಆಗ್ತದಂತ ಅಂದೆ ನೋಡ್ರಿ."

ಅದು ನಮ್ಮ ಕಡೆಯ ಮರ್ಯಾದೆ. ದೊಡ್ಡವರು ಕೇಳಿದರೆ ಹೂಂ ಅನ್ನಬೇಕು. ಡಾಕ್ಟರು ಮಾತ್ರೆ ನುಂಗಿದೆಯಾ ಎಂದರೆ ಹೂಂ, ವಾಸಿಯಾಯಿತಾ ಎಂದರೆ ಹೂಂ. ಹೊರದೇಶದಲ್ಲಿ ಪುಸ್ತಕ ಬರೆದವರಿಗೆ ಈ ಹೂಂ ಗೊತ್ತಿರಲಿಲ್ಲ. ಮೇಡಮ್ಮೋರು ಬೈಯಲಿಲ್ಲ. ಅಲ್ಲೇ ಪರೀಕ್ಷೆಯನ್ನು ತಿರುವಿ ಹಾಕಿದರು. "ಇನ್ಮೇಲೆ ಹೂಂ ಅನ್ನೋದು ಉತ್ತರ ಅಲ್ಲ. ಎಲ್ಲಿ ಮುಟ್ಟಿದೆ ಅಂತ ಹೇಳ್ಬೇಕು. ಹೆಬ್ಬೆಟ್ಟೋ, ಹಿಮ್ಮಡಿನೋ, ನಡುಕಾಲೋ." ಆಮೇಲೆ ಈ ಮಾತು ಅವರ ಗಾದೆಯೇ ಆಯಿತು. ನಾನು ಬಿಲ್ಲಿನ ವಿಷಯ ಏನಾದರೂ ಜಾರಿಸಲು ನೋಡಿದರೂ ಅದನ್ನೇ ಅನ್ನುತ್ತಿದ್ದರು: "ಹೂಂ ಅನ್ನೋದು ಉತ್ತರ ಅಲ್ಲ ಸಾವ್ಕಾರ್ರೆ."

ಅವತ್ತೇ ಎರಡನೇ ಸಲ ಕಣ್ಣು ಮುಚ್ಚಿದ ವನ್ನೂರಪ್ಪ ಬಹಳ ಹೊತ್ತು ಬಾಯಿ ಬಿಡಲಿಲ್ಲ. ಮೇಡಮ್ಮೋರು ಒತ್ತುತ್ತಿದ್ದರು, ಎಳೆ ಬಾಗುತ್ತಿತ್ತು, ಅವನು ಕಾಯುತ್ತಲೇ ಇದ್ದ. ಅವರು ಬಲಗಾಲನ್ನು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನ ಬುಡದಲ್ಲಿ ಬೆರಳಾಡಿಸಿದರು. ಅಲ್ಲೊಂದು ಕಪ್ಪು ಚುಕ್ಕೆ, ಸುತ್ತ ಬಿಳಿಚಿದ ಚರ್ಮ. ನರ್ಸಮ್ಮ ಒತ್ತಿದಾಗ ಕೀವು ಬಂತು, ಕೀವಿನ ಹಿಂದೆ ಮಿಷಿನ್ ಸೂಜಿಯ ತುಂಡು. ಜೀನ್ಸ್ ದಪ್ಪ ಬಟ್ಟೆ, ಸೂಜಿ ಮುರಿಯುವುದು ನಮ್ಮಲ್ಲಿ ದಿನನಿತ್ಯದ ಮಾತು. ಅದು ಯಾವಾಗ ಹೊಕ್ಕಿತೋ ಅವನಿಗೇ ಗೊತ್ತಿರಲಿಲ್ಲ. ಅದರ ಮೇಲೇ ನಿಂತು, ನಡೆದು, ಪೆಡಲ್ ಒತ್ತಿ ನನ್ನ ಜೀನ್ಸಿಗೆಲ್ಲ ಜಿಪ್ ಕೂಡಿಸಿದ್ದ.

ಅನಂತಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಗಾಯ ತೊಳೆದು, ಕಾಲಿನ ಮೇಲೆ ಭಾರ ಬೀಳಕೂಡದು ಎಂದರು. ಭಾರ ಬಿದ್ದು ಗಾಯ ಮುಚ್ಚದಿದ್ದರೆ ಮೊದಲು ಬೆರಳು ಹೋಗುತ್ತದೆ, ಅಲ್ಲಿಗೆ ನಿಲ್ಲುತ್ತದೆ ಎಂದು ಭರವಸೆ ಇಲ್ಲ ಎಂದರು. ವನ್ನೂರಪ್ಪ "ಹೂಂ ಸಾರ್" ಅಂದ. ಮೇಡಮ್ಮೋರು ತಕ್ಷಣ, "ಏನರ್ಥ ಆಯ್ತು? ನೀನೇ ಹೇಳು ನೋಡಾನ" ಎಂದರು. ಕೇಳಿದ್ದನ್ನು ರೋಗಿಯ ಬಾಯಲ್ಲೇ ವಾಪಸ್ ಹೇಳಿಸುವುದು. ಅದೂ ಆ ಹೊರದೇಶದ ಪದ್ಧತಿಯೇ. ಅವನು ತಡವರಿಸಿ, "ಕಾಲಿಡಬಾರ್ದು. ಇಟ್ರ ಕಾಲು ಹೋಗ್ತದ" ಎಂದು ಹೇಳಿ ಅತ್ತ. ಮೂರು ಹೊತ್ತೂ ನಗಿಸುವ ಮನುಷ್ಯ ಅಳುವುದನ್ನು ನಾನು ನೋಡಿದ್ದು ಅವತ್ತೇ.

ರಜೆಯ ದಿನಗಳಿಗೆ ವಿಮೆಯಿಂದ ಸಂಬಳದ ಪಾಲು ಬಂತು. ಉಳಿದದ್ದನ್ನು ನನ್ನಿಂದ ಹೇಗೆ ಕೊಡಿಸಿದರು ಎಂಬುದನ್ನು ಬರೆಯುವುದಿಲ್ಲ. ಮತ್ತೆ ಕಡಲೆಕಾಯಿ ಎಂದಷ್ಟೇ ತಿಳಿಯಿರಿ. ಗಾಯ ಒಣಗುತ್ತ ಬಂತು. ಅವನಂಥವರಿಗೆಂದು ಮೆತ್ತನೆ ರಬ್ಬರಿನ ವಿಶೇಷ ಚಪ್ಪಲಿ ತರಿಸಿಕೊಟ್ಟರು. ಎಲ್ಲೂ ಬರಿಗಾಲಲ್ಲಿ ಇರಕೂಡದು, ಮನೆಯೊಳಗೂ ಕೂಡ, ಎಂದು ಅವನ ಬಾಯಲ್ಲೇ ಹೇಳಿಸಿದರು. ವನ್ನೂರಪ್ಪ ತಪ್ಪಿಲ್ಲದೆ ಒಪ್ಪಿಸಿ ಮತ್ತೆ ಮಿಷಿನ್ ಹತ್ತಿದ.

ಎರಡು ಶನಿವಾರ ಕಳೆದಿರಬೇಕು. ಗಾಯ ಮತ್ತೆ ಬಾಯಿ ಬಿಟ್ಟಿತ್ತು.

ಮೇಡಮ್ಮೋರ ಮುಖ ಕೆಂಪಾದದ್ದು ನಾನು ಕಂಡಂತೆ ಆ ಒಂದೇ ಸಲ. "ಚಪ್ಪಲಿ ಎಲ್ಲಪ್ಪ?"

ವನ್ನೂರಪ್ಪ ತೋರಿಸಿದ. ಬಾಗಿಲಾಚೆ, ಗೋಡೆಯ ಗೂಡಿನಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿದ್ದ. ಅದಕ್ಕೆ ಒಂದು ಕಣ ಧೂಳು ಕೂತಿರಲಿಲ್ಲ. ಬೀದಿಯಲ್ಲಿ ಹಾಕಿಕೊಳ್ಳುತ್ತಿದ್ದ, ಬಾಗಿಲಿಗೆ ಬಂದೊಡನೆ ಒರೆಸಿ ಸುತ್ತಿಡುತ್ತಿದ್ದ.

"ಯಾಕೆ?" ಎಂದರು. ಬೈಗುಳ ಬರುತ್ತದೆ ಎಂದು ಕಾಯುತ್ತಿದ್ದೆವು. ಅವರು ಕೇಳಿದ್ದು ಅಷ್ಟೇ. ಕೇಳಿ, ಅವನ ಪಕ್ಕ ನೆಲದ ಮೇಲೆ ಕೂತರು.

"ಅಮ್ಮಾರ, ಮಿಷಿನ್‌ಗೆ ಚಪ್ಲಿ ಕಾಲು ಹೆಂಗ ತಾಗಸ್ಲಿ? ಅನ್ನ ಕೊಡೋ ತಾಯಿ ಅದು."

ಅವನು ಸುಳ್ಳು ಹೇಳಲಿಲ್ಲ. ಬೆಳಿಗ್ಗೆ ಮಿಷಿನ್ ಮುಟ್ಟಿ ಕಣ್ಣಿಗೊತ್ತಿಕೊಂಡೇ ಕೂರುವವರು ನಮ್ಮವರೆಲ್ಲ. ಚಪ್ಪಲಿಗಳದು ಬಾಗಿಲಾಚೆ ಬೇರೆಯೇ ಸಾಲು. ನಾನೂ ಅದೇ ಹೊಸಿಲು ದಾಟಿ ಬಂದವನು, ಇವತ್ತಿಗೂ ಬರಿಗಾಲಲ್ಲೇ ಒಳಗೆ ಓಡಾಡುತ್ತೇನೆ. ಆದ್ದರಿಂದ ಇದು ನನಗೆ ಕಾಣಲೇ ಇಲ್ಲ. ಮೊದಲ ದಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬಂದ ಮೇಡಮ್ಮೋರಿಗೂ ಕಂಡಿರಲಿಲ್ಲ.

"ಪುಸ್ತಕದಾಗೆ ಇದಿಲ್ಲ ಕಣಣ್ಣ" ಎಂದು ನನ್ನ ಕಡೆ ತಿರುಗಿ ಹೇಳಿದರು.

ನಾನು ದಾರಿ ಸೂಚಿಸಿದೆ. ಪೆಡಲಿಗೆ ಬಟ್ಟೆ ಸುತ್ತೋಣ ಅಂದೆ. ಬೇರೆ ಕೆಲಸ ಕೊಡೋಣ ಅಂದೆ. ಬೇರೆ ಕೆಲಸ ಅಂದಾಗ ವನ್ನೂರಪ್ಪನ ಮುಖ ಬಾಡಿಹೋಯಿತು. ಜಿಪ್ ಬಿಡಿಸಿದರೆ ಅವನಲ್ಲಿ ಏನು ಉಳಿಯುತ್ತದೆ? ಮೇಡಮ್ಮೋರು ನನ್ನ ಮಾತಿಗೆ ಕಿವಿಗೊಡಲೇ ಇಲ್ಲ. ಅವನನ್ನೇ ಕೇಳುತ್ತ ಹೋದರು. "ಚಪ್ಪಲಿ ತಾಗಬಾರ್ದು. ಸರಿ. ಕಾಲ್ಚೀಲ?"

"ಬೀದ್ಯಾಗ ಹಾಕ್ಕೊಂಡಿದ್ದು ಬ್ಯಾಡ್ರಿ."

"ಬೀದಿಗೆ ಹೋಗ್ದೇ ಇರೋದು?"

ವನ್ನೂರಪ್ಪ ಯೋಚಿಸಿದ. "ಮಿಷಿನ್ ಮ್ಯಾಲ ಹೊಲ್ದ ಬಟ್ಟಿ ತಾಗಿದ್ರ ಏನಾಗಲ್ರಿ. ದಿನಾ ತಾಗ್ತದಲ್ಲ. ತಾಯಿಗೆ ಮಗು ಮೈಲಿಗ್ಯಾ?"

ಮೇಡಮ್ಮೋರು ಕಾಲ ಬಳಿ ಬಿದ್ದಿದ್ದ ಜೀನ್ಸಿನ ತುಂಡೊಂದನ್ನು ಎತ್ತಿ ಅವನ ತೊಡೆಯ ಮೇಲಿಟ್ಟರು. "ಅಂಗಾದ್ರೆ ಹೊಲಿ."

ಅವನು ಇನ್ನೊಂದು ಅಡ್ಡ ಹಾಕಿದ. "ಪೆಡಲ್ ಕಾಲಿಗೆ ತಿಳೀಬೇಕ್ರಿ, ಇಲ್ಲಾಂದ್ರ ಹೊಲ್ಗಿ ಓಡಿ ಹೋಗ್ತದ."

"ನಿನ್ನ ಕಾಲಿಗೆ ಸೂಜಿನೇ ತಿಳೀಲಿಲ್ಲ, ಪೆಡಲ್ ತಿಳೀತದಾ? ಹೊಲಿಯಪ್ಪ ಸುಮ್ನೆ."

ಹೊಲಿದ. ವಿಶೇಷ ಚಪ್ಪಲಿಯದ್ದೇ ತರದ, ಬೀದಿ ಕಾಣದ ಹೊಸ ಮೆತ್ತನೆ ರಬ್ಬರನ್ನು ಅಡಿಗೆ ಅಂಟಿಸಿ, ಮೇಲೆ ಎರಡು ಪದರ ಜೀನ್ಸ್ ಬಟ್ಟೆ ಹಾಕಿ, ಒಂದು ಜೊತೆ ಜೋಡು. ಮೇಡಮ್ಮೋರು ಒಳಗೆ ಕೈ ಹಾಕಿ ಬೆರಳಾಡಿಸಿ ವಾಪಸ್ ಕೊಟ್ಟರು. ಒಳಗಡೆ ಎಲ್ಲೂ ಹೊಲಿಗೆ ಉಬ್ಬಿರಬಾರದು, ಉಬ್ಬಿದ್ದು ಉಜ್ಜಿ ಹೊಸ ಹುಣ್ಣಾಗುತ್ತದೆ, ಪುಸ್ತಕದಲ್ಲಿ ಇದು ಮಾತ್ರ ಖಡಕ್ಕಾಗಿ ಇದೆ ಎಂದರು. ಎರಡನೆಯದನ್ನೂ ವಾಪಸ್ ಕೊಟ್ಟರು. ಬಳ್ಳಾರಿಯ ವ್ಯಾಪಾರಿಗಳು ಕೂಡ ನನ್ನ ಮಾಲನ್ನು ಹೀಗೆ ಸತಾಯಿಸಿದ್ದಿಲ್ಲ. ಕೊನೆಗೆ ವನ್ನೂರಪ್ಪ ಪ್ಯಾಂಟಿನ ಕಾಲಿನ ಹೊಲಿಗೆಯ ಹಾಗೆ ಅಂಚುಗಳನ್ನು ಒಂದರೊಳಗೊಂದು ಮಡಚಿ, ಚಪ್ಪಟೆಯಾಗಿ ಕೂರಿಸಿ, ದಪ್ಪವನ್ನೆಲ್ಲ ಹೊರಗೆ ತಂದ. ಮೇಡಮ್ಮೋರು ಬೆರಳಾಡಿಸಿದರು, ಕಣ್ಣು ಮುಚ್ಚಿ ಇನ್ನೊಮ್ಮೆ ಆಡಿಸಿದರು. "ಇದು ಜೋಡು" ಎಂದರು.

ಆ ಜೋಡು ಹೊಸಿಲಿನಾಚೆ ಹೋಗಲಿಲ್ಲ. ಮಿಷಿನ್ನಿನ ಪಕ್ಕದಲ್ಲೇ ಅದರ ಜಾಗ. ಬೆಳಿಗ್ಗೆ ಮಿಷಿನ್ನಿಗೆ ಕೈಮುಗಿದು ಜೋಡು ಹಾಕಿಕೊಂಡು ಕೂರುತ್ತಿದ್ದ. ಗಾಯ ಈ ಸಲ ನಿಧಾನಕ್ಕೆ, ಅಂಚಿನಿಂದ ಒಳಗೆ ಒಳಗೆ ಕೂಡಿಕೊಂಡು ಬಂದು ಮುಚ್ಚಿತು. ಆ ಹೊತ್ತಿಗೆ ಸಕ್ಕರೆ ಇದ್ದವರೂ ಇಲ್ಲದವರೂ ಎಲ್ಲರೂ ತಮಗೊಂದೊಂದು ಹೊಲಿದುಕೊಂಡಿದ್ದರು. ಹೆಂಗಸರು ಹೂವಿನ ಕಸೂತಿ ಬೇರೆ ಹಾಕಿದರು. ಕಸೂತಿ ಹೊರಗಡೆ ಮಾತ್ರ, ಒಳಗಡೆ ಹಾಕಿದರೆ ಮೇಡಮ್ಮೋರ ಬೆರಳಿದೆ.

ಮೇಲಿನಿಂದ ಒಬ್ಬ ದೊಡ್ಡ ಅಧಿಕಾರಿ ಪರಿಶೀಲನೆಗೆ ಬಂದರು. ಜೋಡುಗಳನ್ನು ನೋಡಿ, ಇದು ಯಾವ ದೇಶದ ಮಾದರಿ ಎಂದು ತೆಲುಗಿನಲ್ಲಿ ಕೇಳಿದರು. ಮೇಡಮ್ಮೋರು ತೆಲುಗಿನಲ್ಲೇ ಉತ್ತರ ಕೊಟ್ಟರು: ಅಳತೆ ಹೊರದೇಶದ್ದು ಸಾರ್, ಹೊಲಿಗೆ ರಾಯದುರ್ಗದ್ದು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಯೂನಿಟ್ಟಿನಿಂದ ಎಷ್ಟೋ ಊರಿಗೆ ಮಾಲು ಹೋಗಿದೆ, ಯಾವುದರ ಮೇಲೂ ನಮ್ಮೂರ ಹೆಸರು ಇರುವುದಿಲ್ಲ, ವ್ಯಾಪಾರಿ ತನ್ನ ಚೀಟಿ ಅಂಟಿಸುತ್ತಾನೆ. ನಮ್ಮ ಹೊಲಿಗೆಗೆ ನಮ್ಮೂರ ಹೆಸರು ಬಿದ್ದದ್ದು ಅವತ್ತು. ಈಗ ಊರಿನ ಇತರ ಯೂನಿಟ್ಟುಗಳಲ್ಲೂ ಈ ಜೋಡು ಇದೆ. ಅವರೆಲ್ಲರಿಗೂ ಹೊಲಿದು ಕೊಡುವುದು ನಾವೇ. ಧರ್ಮಕ್ಕಲ್ಲ, ಅಸಲು ಬೆಲೆಗೆ. ಅದನ್ನೂ ಮೇಡಮ್ಮೋರೇ ಕುದುರಿಸಿದ್ದು.

ವನ್ನೂರಪ್ಪನ ಕಥೆಯಲ್ಲಿ ಇನ್ನೊಂದು ತುಣುಕು ಉಳಿದಿದೆ. ಕಾಲು ಉಳಿದರೆ ಬರಿಗಾಲಲ್ಲಿ ನಡೆದು ಬರುತ್ತೇನೆ ಎಂದು ಅವನು ನೇಮಕಲ್ಲಿನ ಆಂಜನೇಯನಿಗೆ ಹರಕೆ ಹೊತ್ತಿದ್ದ. ಹೊರಡುವ ಹಿಂದಿನ ದಿನ ಬಾಯಿ ಬಿಟ್ಟ. ಮೇಡಮ್ಮೋರು ಹಣೆ ಹಿಡಿದುಕೊಂಡರು. "ಅಲ್ಲಪ್ಪ, ಅವನು ಉಳಿಸಿಕೊಟ್ಟ ಕಾಲ್ನ ಅವನ ದಾರಿನಾಗೇ ಕೆಡಿಸ್ಕೊಂಡು ಹೋಗಿ, ನೋಡು ಸ್ವಾಮಿ ಅಂತ ತೋರಿಸ್ತೀಯಾ?" ಕೊನೆಗೆ ದೇವರ ಪರವಾಗಿ ಅವರೇ ಒಪ್ಪಂದ ಮಾಡಿದರು. ಬೊಮ್ಮನಹಾಳ್‌ವರೆಗೆ ಬಸ್ಸು, ಅಲ್ಲಿಂದ ದಾರಿಗೆಂದೇ ಹೊಲಿದ ಹೊಸ ಜೋಡಿನಲ್ಲಿ ನಡಿಗೆ, ಬರಿಗಾಲು ಗುಡಿಯ ಬಾಗಿಲಿನಿಂದ ಒಳಗೆ ಮಾತ್ರ. "ಆಂಜನೇಯ ಒಪ್ದೇ ಇದ್ರೆ ನನ್ನತ್ರ ಕಳ್ಸು, ಮಾತಾಡ್ತೀನಿ" ಎಂದರು. ಒಪ್ಪಿದನೆಂದು ಕಾಣುತ್ತದೆ, ದೂರು ಬರಲಿಲ್ಲ.

ಅವರನ್ನು ಬೀಳ್ಕೊಡುವ ಶನಿವಾರ ಎಂದಿನಂತೆ ಮಿಷಿನ್ ನಿಂತಿತ್ತು. ಶಾಲು, ಹಾರ ಎಲ್ಲ ಆಯಿತು. ಅವರ ಅಣ್ಣನ ಮಗನಿಗೆಂದು ಒಂದು ಜೀನ್ಸ್ ಕೊಡಲು ಹೋದೆ. "ರಿಟೈರ್ ಆಗೋವರ್ಗೂ ತಗೊಂಡಿಲ್ಲ, ಕೊನೆ ದಿನ ಯಾಕೆ ಕೆಡಸ್ತೀರಾ ಅಣ್ಣ" ಎಂದು ವಾಪಸ್ ಕೊಟ್ಟರು. ಆಗ ವನ್ನೂರಪ್ಪ ಬಂದು ಅವರ ಕಾಲಿಗೆ ಬಿದ್ದ. ಬಿದ್ದವನು ಏಳಲಿಲ್ಲ.

"ಅಮ್ಮಾರ, ಎಲ್ರದೂ ನೋಡಿದ್ರಿ. ನಿಮ್ಮವು ಯಾರ್ ನೋಡ್ಯಾರ? ಕೂತ್ಕೊಳ್ರಿ. ಕಣ್ ಮುಚ್ಚ್ರಿ."

ಅವರಿಗೂ ಸಕ್ಕರೆ ಇದೆ ಎಂದು ನನಗೆ ಗೊತ್ತಾದದ್ದು ಆಗಲೇ. ಆ ನರ್ಸಮ್ಮನಿಂದ ವನ್ನೂರಪ್ಪ ಅದನ್ನು ಮೊದಲೇ ತಿಳಿದುಕೊಂಡಿದ್ದ, ನೈಲಾನ್ ಎಳೆಯನ್ನೂ ಇಸಕೊಂಡಿದ್ದ. ಮೇಡಮ್ಮೋರು ತಮ್ಮ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು, ಮೊದಲ ಶನಿವಾರ ನಮ್ಮವರು ಎಳೆದುಕೊಂಡ ಹಾಗೆಯೇ. ಆಮೇಲೆ ನಕ್ಕು, ಕುರ್ಚಿಯ ಮೇಲೆ ಕೂತು, ಕಾಲು ಚಾಚಿ ಕಣ್ಣು ಮುಚ್ಚಿದರು.

"ಹೂಂ" ಎಂದರು.

"ನಾನಿನ್ನೂ ಮುಟ್ಟೇ ಇಲ್ರಿ ಅಮ್ಮಾರ."

ಆ ನಗು ಎಷ್ಟು ಹೊತ್ತು ನಡೆಯಿತೆಂದರೆ ಬಳ್ಳಾರಿಯ ಮಾಲು ಅವತ್ತು ನಿಜಕ್ಕೂ ತಡವಾಯಿತು. ನಗು ನಿಂತ ಮೇಲೆ ಅವನು ಒಂದೊಂದು ಕಡೆಯೂ ಒತ್ತಿ ಕೇಳಿದ. ಅವರು ಹೆಬ್ಬೆರಳು, ಹಿಮ್ಮಡಿ, ನಡುಕಾಲು ಎಂದು ಸರಿಯಾಗಿ ಹೇಳಿದರು. ಎಲ್ಲ ಕಡೆಯೂ ತಿಳಿಯುತ್ತಿತ್ತು. ವನ್ನೂರಪ್ಪ ಅವರಿಗೆಂದು ಹೊಲಿದಿಟ್ಟಿದ್ದ ಜೋಡನ್ನು ತಾನೇ ತೊಡಿಸಿದ. ಅದನ್ನು ಮಾತ್ರ ಅವರು ಬೇಡವೆನ್ನಲಿಲ್ಲ. ಒಳಗೆ ಬೆರಳಾಡಿಸಿ ನೋಡಿಯೇ ಹಾಕಿಸಿಕೊಂಡರು.

ಇಷ್ಟು ಓದಿದ್ದೀರಿ, ಬರಿಗೈಯಲ್ಲಿ ಹೋಗಬೇಡಿ. ಮನೆಯಲ್ಲಿ ಸಕ್ಕರೆ ಇರುವವರಿದ್ದರೆ ಅವರಿಗೆ ಹೊಸ ಚಪ್ಪಲಿ ಕೊಳ್ಳುವಾಗ ಹೊಳಪು ನೋಡಬೇಡಿ, ರೇಟು ಆಮೇಲೆ ಮಾತಾಡಿ, ಮೊದಲು ಒಳಗೆ ಕೈ ಹಾಕಿ ಬೆರಳಾಡಿಸಿ. ಉಬ್ಬಿದ ಹೊಲಿಗೆ ಸಿಕ್ಕರೆ ಪುಕ್ಕಟೆ ಕೊಟ್ಟರೂ ಬೇಡ. ಕೊಟ್ಟ ಚಪ್ಪಲಿ ಹಾಕಿಕೊಳ್ಳದಿದ್ದರೆ ಬೈಯುವ ಮುಂಚೆ ಯಾಕೆ ಎಂದು ಕೇಳಿ, ಕೇಳಿ ಪಕ್ಕದಲ್ಲಿ ಕೂತುಕೊಳ್ಳಿ. ಕಾಲು ಹೇಗಿದೆ ಎಂದರೆ ಹೂಂ, ಚೆನ್ನಾಗಿದೆ ಅನ್ನುತ್ತಾರೆ. ನಂಬಬೇಡಿ. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಹಿರಿಯರ ಕಾಲಿಗೆ ಹೇಗೂ ಬೀಳುತ್ತೀರಲ್ಲ, ಬಿದ್ದವರು ಅಷ್ಟಕ್ಕೇ ಎದ್ದುಬಿಡಬೇಡಿ. ಆ ಕಾಲನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಅಂಗಾಲನ್ನೂ ನೋಡಿ ಏಳಿ.